ಸಾರಥಿಯಿಲ್ಲದ ಆಟ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ‘ಆಟ’ ಅಂದರೆ ಎರಡು. ಹುಡುಗರು ಮೊಬೈಲಿನಲ್ಲಿ ಬೆರಳು ಒತ್ತುವುದೂ ಆಟ. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಅಟ್ಟ ಕಟ್ಟಿ, ಕಿರೀಟ ಭುಜಕೀರ್ತಿ ತೊಟ್ಟು, ಕೋಳಿ ಕೂಗುವ ತನಕ ಕುಣಿಯುವ ಬಯಲಾಟವೂ ಆಟ. ಮನೆಯ ಹಿರಿಯರು ‘ಆಟಕ್ಕ ಹೊಂಟೀವಿ’ ಅಂದರೆ ಚಾಪೆ, ಕಂಬಳಿ ಹಿಡಿದು ಹೊರಟರು ಎಂದೇ ಅರ್ಥ.

ಎರಡನೆಯ ಆಟದಲ್ಲಿ ಸಾರಥಿ ಎಂಬ ಪಾತ್ರವೊಂದಿದೆ. ಬಾಣಾಸುರನೇ ಬರಲಿ, ಬಬ್ರುವಾಹನನೇ ಬರಲಿ, ಅಬ್ಬರಿಸಿ ಕುಣಿದು ನಿಂತವನನ್ನು ಈತ ಬಿಡುವುದಿಲ್ಲ. ನೀವು ಯಾರು, ಯಾವ ಪಟ್ಟಣದವರು, ಈ ಸಭೆಗೆ ಬಂದ ಕಾರಣವೇನು ಎಂದು ಒಂದೊಂದಾಗಿ ಕೇಳುತ್ತಾನೆ. ಪಟ್ಟಣದಿಂದ ಬಂದವರಿಗೆ ಇದು ಹೊತ್ತು ಕಳೆಯುವ ಹಾಸ್ಯದಂತೆ ಕಾಣುತ್ತದೆ. ನಿಜಕ್ಕೂ ಅದು ಕಾವಲು. ಯಾವ ಪಾತ್ರವೂ ಕಾರಣ ಹೇಳದೆ ಕಥೆಯೊಳಗೆ ನುಗ್ಗುವಂತಿಲ್ಲ, ಕಾರಣ ಹೇಳದೆ ಹೊರಗೆ ಹೋಗುವಂತೆಯೂ ಇಲ್ಲ.

ಕೋಟಿಗಟ್ಟಲೆ ಡಾಲರ್ ಸುರಿದು ಮಾಡುವ ವಿಡಿಯೊ ಗೇಮ್‌ಗಳಿಗೆ ಇಂಥ ಒಬ್ಬ ಸಾರಥಿ ಸಿಕ್ಕಿಲ್ಲ. ಪಬ್‌ಜಿ ಥರದ ಗೇಮ್‌ಗಳ ಮಾತು ಬೇರೆ. ಅಲ್ಲಿ ಕಥೆಯೇ ಇಲ್ಲ, ಹಾಗಾಗಿ ತೂತೂ ಇಲ್ಲ. ಸಿನಿಮಾದಂತೆ, ಕಾದಂಬರಿಯಂತೆ ಇಪ್ಪತ್ತು ಮೂವತ್ತು ಗಂಟೆ ಕಥೆ ಹೇಳುವ ಗೇಮ್‌ಗಳಲ್ಲಿ ಎರಡು ರೋಗ ಕಾಣುತ್ತವೆ. ಒಂದು, ಹಿಂದೆ ನಡೆದದ್ದಕ್ಕೂ ಮುಂದೆ ನಡೆಯುವುದಕ್ಕೂ ತಾಳೆಯಾಗದ ತೂತು. ಇನ್ನೊಂದು, ಬರೆದು, ದನಿ ಕೊಡಿಸಿ, ಅರ್ಧ ಕಟ್ಟಿ ಕೊನೆಗೆ ಕತ್ತರಿಸಿ ಎಸೆದ ಭಾಗ. ಬಹಳ ಸಲ ಎರಡನೆಯದೇ ಮೊದಲನೆಯದರ ತಾಯಿ.

ಫ್ರಾನ್ಸಿನ ಕ್ವಾಂಟಿಕ್ ಡ್ರೀಮ್ ಸಂಸ್ಥೆ 2010ರಲ್ಲಿ ತಂದ ‘ಹೆವಿ ರೇನ್’ ನೋಡಿ. ಮಕ್ಕಳನ್ನು ಅಪಹರಿಸಿ ಕೊಲ್ಲುವ ಹಂತಕ ಪ್ರತಿ ಹೆಣದ ಕೈಯಲ್ಲೂ ಕಾಗದ ಮಡಚಿ ಮಾಡಿದ ಗೊಂಬೆ ಬಿಟ್ಟುಹೋಗುತ್ತಾನೆ. ಮಗನನ್ನು ಹುಡುಕುವ ತಂದೆ ಈಥನ್‌ಗೆ ಆಗಾಗ ಎಚ್ಚರ ತಪ್ಪುತ್ತದೆ. ಎದ್ದಾಗ ಎಲ್ಲೋ ಬೀದಿಯಲ್ಲಿರುತ್ತಾನೆ, ಕೈಯಲ್ಲಿ ಅದೇ ಕಾಗದದ ಗೊಂಬೆ. ಇವನೇ ಹಂತಕನಿರಬಹುದೇ ಎಂದು ಆಡುವವನ ಎದೆ ಹೊಡೆದುಕೊಳ್ಳುತ್ತದೆ. ಅಲ್ಲ, ಹಂತಕ ಬೇರೆ. ಹಾಗಾದರೆ ಆ ಗೊಂಬೆ ಈಥನ್‌ನ ಕೈಗೆ ಹೇಗೆ ಬಂತು? ಗೇಮ್ ಮುಗಿದರೂ ಉತ್ತರವಿಲ್ಲ. ಮೊದಲಿನ ಯೋಜನೆಯಲ್ಲಿ ಈಥನ್‌ಗೂ ಹಂತಕನಿಗೂ ಮನಸ್ಸಿನ ಅಗೋಚರ ನಂಟೊಂದು ಇತ್ತು, ಆ ಎಳೆಯನ್ನು ತಯಾರಿಕೆಯ ನಡುವೆ ತೆಗೆದರು. ಎಳೆ ಹೋಯಿತು, ಗಂಟು ಉಳಿಯಿತು. ಇದೇ ಗೇಮ್‌ನಲ್ಲಿ ಪಾತ್ರದ ಮನಸ್ಸಿನ ಮಾತು ಕೇಳಿಸುವ ಗುಂಡಿಯೂ ಇದೆ. ಹಂತಕನ ಪಾತ್ರವನ್ನೂ ಆಟಗಾರನೇ ಗಂಟೆಗಟ್ಟಲೆ ಆಡಿಸಿರುತ್ತಾನೆ, ಅವನ ಮನಸ್ಸಿನ ಮಾತನ್ನೂ ಕೇಳಿರುತ್ತಾನೆ. ಆ ಮನಸ್ಸಿನಲ್ಲಿ ಕೊಲೆಯ ನೆರಳೂ ಇರುವುದಿಲ್ಲ! ಇದು ರಹಸ್ಯ ಕಾಪಾಡುವ ಜಾಣ್ಮೆಯಲ್ಲ, ನೋಡುಗನಿಗೆ ಮಾಡಿದ ಮೋಸ.

ತೂತು ಯಾರಿಗೆ ಕಾಣುತ್ತದೆ ಎಂಬುದೂ ಕುತೂಹಲದ ಪ್ರಶ್ನೆ. ಕನ್ನಡ ನಾಡಿನ ಊರುಗಳ ಹೆಸರು ಹೊತ್ತ ದೊಡ್ಡ ಗೇಮ್ ಒಂದಿದೆ. ಅಮೆರಿಕದ ನಾಟಿ ಡಾಗ್ ಸಂಸ್ಥೆ 2017ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’. ‘ಅನ್‌ಚಾರ್ಟೆಡ್ 4’ರ ಬಾಲವಾಗಿ ಶುರುವಾದದ್ದು ಬೆಳೆದು ಸ್ವತಂತ್ರ ಗೇಮ್ ಆಯಿತು. ಕ್ಲೋಯಿ ಫ್ರೇಜರ್, ನಡೀನ್ ರಾಸ್ ಎಂಬ ಇಬ್ಬರು ಹೆಂಗಸರು ಪಶ್ಚಿಮ ಘಟ್ಟದಲ್ಲಿ ಗಣೇಶನ ದಂತ ಹುಡುಕುತ್ತ ಹೊಯ್ಸಳರ ಕುರುಹು ಹಿಡಿದು ಹೋಗುವ ಕಥೆ. ಪರಶುರಾಮನ ಕೊಡಲಿಯೇಟಿಗೆ ಗಣಪನ ದಂತ ಮುರಿದ ಪುರಾಣವನ್ನು ಒಗಟುಗಳೊಳಗೆ ಚೆನ್ನಾಗಿಯೇ ಹೆಣೆದಿದ್ದಾರೆ. ಆದರೆ ಹಳೇಬೀಡು, ಬೇಲೂರು ಅದರಲ್ಲಿ ಕಾಡಿನೊಳಗೆ ಕಳೆದುಹೋದ ನಗರಗಳು. ಹಾಸನದಲ್ಲಿ ಬಸ್ಸು ಹತ್ತಿದರೆ ಬೇಲೂರು ಸುಮಾರು 40 ಕಿಲೋಮೀಟರ್. ಅಲ್ಲಿಂದ ಹಳೇಬೀಡು 16. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇವತ್ತೂ ಪೂಜೆ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಆಟಗಾರನಿಗೆ ಇದು ತೂತಲ್ಲ, ಕನ್ನಡಿಗನಿಗೆ ಮಾತ್ರ ನಗು ತಡೆಯುವುದಿಲ್ಲ.

ಇನ್ನೂ ದೊಡ್ಡ ತಪ್ಪು ಗಾತ್ರದ್ದು. ಗೇಮ್‌ನ ಹೊಯ್ಸಳರು ಗುಡ್ಡದೆತ್ತರದ ವಿಗ್ರಹ ನಿಲ್ಲಿಸುತ್ತಾರೆ. ಹೊಯ್ಸಳ ಶಿಲ್ಪಿಯ ಹೆಚ್ಚುಗಾರಿಕೆ ಇದ್ದದ್ದು ಎತ್ತರದಲ್ಲಲ್ಲ, ಬಳಪದ ಕಲ್ಲಿನಲ್ಲಿ ಉಗುರಿನಷ್ಟು ಜಾಗದಲ್ಲಿ ಮಣಿಸರ ಕಡೆಯುವ ಸೂಕ್ಷ್ಮದಲ್ಲಿ. ಆ ಸೂಕ್ಷ್ಮದ ಹಿಂದಿನ ಪೀಳಿಗೆಯನ್ನು ನೋಡಬೇಕಾದವರು ಹಡಗಲಿ ತಾಲ್ಲೂಕಿನ ಕುರುವತ್ತಿಗೆ ಹೋಗಬೇಕು. ತುಂಗಭದ್ರೆಯ ದಡದ ಮಲ್ಲಿಕಾರ್ಜುನ ಗುಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಮದನಿಕೆಯರಿದ್ದಾರೆ. ಬೇಲೂರಿನ ಮದನಿಕೆಯರಿಗೆ ಅಕ್ಕಂದಿರು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯೂ ಹತ್ತಿರದಲ್ಲೇ ಇದೆ.

ಸರಿ, ಇಷ್ಟು ಹಣ, ಇಷ್ಟು ಜನ ಇದ್ದೂ ಗೇಮ್‌ಗಳಲ್ಲಿ ತೂತು ಯಾಕೆ ಬೀಳುತ್ತದೆ? ಕಾದಂಬರಿಯನ್ನು ಒಬ್ಬರು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಾರೆ. ಗೇಮ್ ಹಾಗಲ್ಲ. ಒಂದು ತಂಡ ಊರು ಕಟ್ಟುತ್ತಿರುತ್ತದೆ, ಇನ್ನೊಂದು ಕಾಳಗ ಹೊಂದಿಸುತ್ತಿರುತ್ತದೆ, ಮತ್ತೊಂದು ಸಂಭಾಷಣೆ ಬರೆಯುತ್ತಿರುತ್ತದೆ. ಎಂಟನೇ ಘಟ್ಟ ಆಡಲು ಬೇಸರವಾಗುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಬಿಡುಗಡೆಗೆ ನಾಲ್ಕೇ ತಿಂಗಳು. ಆ ಘಟ್ಟಕ್ಕೆ ಕತ್ತರಿ. ಅದರಲ್ಲಿ ಸತ್ತ ಪಾತ್ರ ಈಗ ಸಾಯಲಿಲ್ಲ. ಆದರೆ ಒಂಬತ್ತನೇ ಘಟ್ಟದಲ್ಲಿ ಅವನಿಗಾಗಿ ಅಳುವ ಮಾತು ಆಗಲೇ ದನಿಮುದ್ರಣವಾಗಿದೆ. ದನಿ ಕೊಟ್ಟ ನಟರನ್ನು ಮತ್ತೆ ಕರೆಸಲು ಹಣವೂ ಇಲ್ಲ, ಸಮಯವೂ ಇಲ್ಲ. ಕತ್ತರಿಸಿದ್ದನ್ನು ಡಿಸ್ಕ್‌ನಿಂದ ಪೂರ್ತಿ ಅಳಿಸಲೂ ಹೆದರಿಕೆ. ಯಾವ ಕಡತ ಯಾವುದಕ್ಕೆ ಆತುಕೊಂಡಿದೆಯೋ, ಒಂದು ಕಿತ್ತರೆ ಇಡೀ ಗೇಮ್ ಕುಸಿಯಬಹುದು. ಹಾಗಾಗಿ ಬಾಗಿಲಿಗೆ ಬೀಗ ಹಾಕಿ ಕೋಣೆಯನ್ನು ಹಾಗೇ ಬಿಡುತ್ತಾರೆ. ಕುತೂಹಲದ ಹುಡುಗರು ಒಂದು ದಿನ ಬೀಗ ಒಡೆಯುತ್ತಾರೆ.

2004ರ ಡಿಸೆಂಬರ್‌ನಲ್ಲಿ ಬಂದ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2’ರಲ್ಲಿ ಆದದ್ದು ಇದೇ. ಕ್ರಿಸ್‌ಮಸ್ ವ್ಯಾಪಾರಕ್ಕೆ ಸಿಗಲೇಬೇಕೆಂಬ ಒತ್ತಡದಲ್ಲಿ ಒಬ್ಸಿಡಿಯನ್ ಸಂಸ್ಥೆ ಸ್ಟಾರ್ ವಾರ್ಸ್ ಲೋಕದ ಈ ಕಥೆಯನ್ನು ಬಾಲ ಕತ್ತರಿಸಿ ಕೊಟ್ಟಿತು. ರೋಬೋಗಳೇ ತುಂಬಿದ ಒಂದು ಇಡೀ ಗ್ರಹ ಹೋಯಿತು. ಕೊನೆಯ ಭಾಗದಲ್ಲಿ ಜತೆಗಾರರು ಏನಾದರೆಂದೇ ತಿಳಿಯದು. ಆದರೆ ಅವರ ಮಾತುಗಳು ಕಡತದೊಳಗೆ ಉಳಿದಿದ್ದವು. ಅಭಿಮಾನಿಗಳು ಸಂಬಳವಿಲ್ಲದೆ ವರ್ಷಗಟ್ಟಲೆ ಕೂತು ಅವನ್ನು ಹೆಕ್ಕಿ, ಹರಕು ಬಟ್ಟೆ ಸೇರಿಸಿ ಕೌದಿ ಹೊಲಿದಂತೆ ಹೊಲಿದರು. ಈಗ ಬಲ್ಲವರು ಆಡುವುದು ಆ ಕೌದಿಯನ್ನೇ. 2022ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಈ ಗೇಮ್ ಮಾರಿದಾಗ, ಮರಳಿ ಸೇರಿಸಿದ ಆ ಭಾಗವನ್ನೂ ಕೊಡುತ್ತೇವೆಂದು ಮಾರಿದವರು ಜಾಹೀರಾತು ಮಾಡಿದರು. 2023ರ ಜೂನ್‌ನಲ್ಲಿ ಕೊಡಲಾಗುವುದಿಲ್ಲ ಎಂದರು. ಮಾತು ಕೋರ್ಟಿನ ಮೆಟ್ಟಿಲೇರಿತು.

ಇದು ಅವಸರದ ಕತ್ತರಿ. ಲೆಕ್ಕಾಚಾರದ ಕತ್ತರಿಯೂ ಉಂಟು, ಅದನ್ನು ಕ್ಷಮಿಸುವುದು ಕಷ್ಟ. 2009ರ ‘ಅಸ್ಯಾಸಿನ್ಸ್ ಕ್ರೀಡ್ 2’ರಲ್ಲಿ ನಾಯಕನ ನೆನಪುಗಳನ್ನು ಒಂದೊಂದು ಅಧ್ಯಾಯವಾಗಿ ಆಡುತ್ತ ಹನ್ನೊಂದರವರೆಗೆ ಬಂದರೆ, ಮುಂದಿನದು ಹದಿನಾಲ್ಕು. ನಡುವಿನ ಎರಡು? ನೆನಪಿನ ಯಂತ್ರ ಕೆಟ್ಟಿದೆ ಎಂದು ಕಥೆಯೊಳಗೇ ಸಬೂಬು. 2010ರ ಜನವರಿ, ಫೆಬ್ರವರಿಯಲ್ಲಿ ಆ ಎರಡೂ ಅಧ್ಯಾಯ ಬೇರೆ ಬೇರೆ ಬೆಲೆಗೆ ಮಾರಾಟಕ್ಕೆ ಬಂದವು. ಹೊಸೆದ ಸಬೂಬಿನ ಜಾಣತನ ಮೆಚ್ಚಬೇಕು, ಅಂಗಡಿಯ ಬುದ್ಧಿಯನ್ನಲ್ಲ. ಊರ ಬಯಲಾಟದಲ್ಲಿ ಭಾಗವತ ನಡುರಾತ್ರಿ ನಿಲ್ಲಿಸಿ ‘ಬಾಣಾಸುರನ ತೋಳು ಕಡಿಯುವುದನ್ನು ನೋಡಬೇಕಾದರೆ ಇನ್ನೊಂದು ಚೀಟಿ ಕೊಳ್ಳಿ’ ಅಂದರೆ ಏನಾದೀತು? ಅಟ್ಟ ಉಳಿಯುವುದಿಲ್ಲ.

‘ಮೆಟಲ್ ಗಿಯರ್ ಸಾಲಿಡ್ 5’ (2015) ಇದಕ್ಕಿಂತ ವಿಚಿತ್ರ. ಇಲೈ ಎಂಬ ಹುಡುಗ ದೈತ್ಯ ಯಂತ್ರವೊಂದನ್ನು ಕದ್ದು ಓಡಿಹೋಗುತ್ತಾನೆ. ಅವನ ಕಥೆ ಅಲ್ಲಿಗೇ ನಿಲ್ಲುತ್ತದೆ. ಮುಗಿಯಬೇಕಿದ್ದ 51ನೇ ಅಧ್ಯಾಯ ಅರೆಬರೆಯಾಗಿಯೇ ವಿಶೇಷ ಆವೃತ್ತಿ ಕೊಂಡವರ ಡಿಸ್ಕ್‌ನಲ್ಲಿ ವಿಡಿಯೊ ರೂಪದಲ್ಲಿ ಸಿಕ್ಕಿತು. ಕಟ್ಟದೆ ಬಿಟ್ಟ ಮನೆಯ ನಕ್ಷೆ ತೋರಿಸಿ ಗೃಹಪ್ರವೇಶ ಮಾಡಿಸಿದಂತೆ. ‘ಮಾಸ್ ಎಫೆಕ್ಟ್ 3’ (2012) ಮೂರು ಗೇಮ್‌ಗಳ ಉದ್ದಕ್ಕೂ ನಿಮ್ಮ ತೀರ್ಮಾನಗಳೇ ಕೊನೆಯನ್ನು ಬರೆಯುತ್ತವೆ ಎಂದು ನಂಬಿಸಿ, ಹೆಚ್ಚುಕಡಿಮೆ ಒಂದೇ ಬಗೆಯ ಮೂರು ಬಣ್ಣದ ಮುಕ್ತಾಯ ಕೊಟ್ಟಿತು. ಸಿಟ್ಟಾದ ಅಭಿಮಾನಿಗಳು ಚಂದಾ ಎತ್ತಿ ಕಂಪನಿಗೆ ಕೆಂಪು, ನೀಲಿ, ಹಸಿರು ಕಪ್‌ಕೇಕ್‌ಗಳನ್ನು ಕಳಿಸಿದರು. ಬಣ್ಣ ಮೂರು, ರುಚಿ ಒಂದೇ. ಜಾತ್ರೆಯ ಜನರ ಕುಹಕಕ್ಕೂ ಇದಕ್ಕೂ ದೂರವಿಲ್ಲ. ಜೂನ್‌ನಲ್ಲಿ ಕಂಪನಿ ವಿಸ್ತರಿಸಿದ ಮುಕ್ತಾಯವನ್ನು ಬಿಟ್ಟಿಯಾಗಿ ಕೊಟ್ಟಿತು.

ಹಾಗಂತ ಕತ್ತರಿಯೇ ಪಾಪವಲ್ಲ. ಬಯಲಾಟವೂ ಕತ್ತರಿಸಿಕೊಂಡೇ ಬದುಕಿದೆ. ಇಡೀ ರಾತ್ರಿಯ ಪ್ರಸಂಗವನ್ನು ಉತ್ಸವದ ವೇದಿಕೆಗೆ ಎರಡು ಗಂಟೆಗೆ ಇಳಿಸುತ್ತಾರೆ. ಪದಗಳು ಹೋಗುತ್ತವೆ, ಕುಣಿತ ಮೊಟಕಾಗುತ್ತದೆ. ಆದರೂ ಕಥೆಗೆ ತೂತು ಬೀಳುವುದಿಲ್ಲ. ಯಾಕೆಂದರೆ ಕೆಳಗೆ ಕೂತ ಮುದುಕಿಗೂ ಗಿರಿಜಾ ಕಲ್ಯಾಣ ಪೂರ್ತಿ ಗೊತ್ತು. ಬಿಟ್ಟದ್ದನ್ನು ಆಕೆ ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾಳೆ. ಗೇಮ್‌ನ ಕಥೆ ಅದನ್ನು ಬರೆದವರಿಗೆ ಮಾತ್ರ ಗೊತ್ತು. ತಮಗಷ್ಟೇ ಗೊತ್ತಿರುವುದನ್ನು ಕತ್ತರಿಸಿ, ಆಟಗಾರನಿಗೂ ಗೊತ್ತಿದೆ ಎಂಬಂತೆ ಮುಂದುವರಿಯುವುದರಲ್ಲೇ ಎಡವಟ್ಟು.

ಬೇಕೆಂದೇ ಬಿಟ್ಟ ಕಂಡಿಯೂ ಬೇರೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಲಕ್ಷಾಂತರ ಜನರನ್ನು ಸುಮ್ಮನಾಗಿಸಿ, ಒಂದೇ ಸಾಲಿನ ಭವಿಷ್ಯವನ್ನು, ಕಾರ್ಣಿಕವನ್ನು, ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲಿಗೆ ವಿವರಣೆ ಇರುವುದಿಲ್ಲ. ಮಳೆಗೋ ಬೆಳೆಗೋ ರಾಜಕಾರಣಕ್ಕೋ ಎಂದು ವರ್ಷವಿಡೀ ಕಟ್ಟೆಗಳ ಮೇಲೆ ಚರ್ಚೆ. ಅದನ್ನು ಯಾರೂ ತೂತು ಎನ್ನುವುದಿಲ್ಲ. ತುಂಬುವ ಕೆಲಸ ನಿಮ್ಮದು ಎಂಬ ಕರಾರು ಮೊದಲೇ ಆಗಿದೆ. ಈಥನ್‌ನ ಕೈಯ ಕಾಗದದ ಗೊಂಬೆಗೆ ಅಂಥ ಕರಾರಿರಲಿಲ್ಲ. ಅದು ಪತ್ತೇದಾರಿ ಕಥೆ, ಅಲ್ಲಿ ಉತ್ತರ ಕೊಡುವುದು ಸಾಲ ತೀರಿಸಿದಂತೆ.

ಸುಳ್ಳಿನಂತೆ ಕಾಣುವ ತಿರುವನ್ನು ಹೇಗೆ ಕಟ್ಟಬೇಕೆಂದು ತಿಳಿಯಲು ಕಂಪಿಲಿಯ ಕುಮಾರರಾಮನ ಕಥೆ ಸಾಕು. 16ನೇ ಶತಮಾನದಲ್ಲಿ ನಂಜುಂಡ ಸಾಂಗತ್ಯದಲ್ಲಿ ಹಾಡಿದ್ದು, ಪಾಂಚಾಳ ಗಂಗನೂ ಹಾಡಿದ್ದು, ಬಯಲಾಟಕ್ಕೂ ಬಂದದ್ದು. ಮಲತಾಯಿ ರತ್ನಾಜಿಯ ಸುಳ್ಳು ದೂರು ಕೇಳಿ ತಂದೆ ಮಗನ ತಲೆ ತೆಗೆಯಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಅಡಗಿಸಿಟ್ಟು ಬೇರೆ ತಲೆ ತೋರಿಸುತ್ತಾನೆ. ಇಂದಿನ ಗೇಮ್ ವಿಮರ್ಶಕ ಇಲ್ಲೇ ಹುಬ್ಬೇರಿಸುತ್ತಿದ್ದ: ಸಾಯಿಸಿ ಬದುಕಿಸುವ ಹಳೇ ಚಮತ್ಕಾರ! ಆದರೆ ಕವಿ ಆ ಸುಳ್ಳನ್ನು ಬಿಟ್ಟಿ ಬಿಡುವುದಿಲ್ಲ. ರಾಮ ಸತ್ತನೆಂಬ ಸುದ್ದಿ ನಂಬಿ ದಿಲ್ಲಿಯ ದಂಡು ಏರಿ ಬರುತ್ತದೆ, ಅಡಗಿದ್ದವನು ಹೊರಬಂದು ಕಾದುತ್ತಾನೆ, ಕೊನೆಗೆ ದಿಲ್ಲಿಯಿಂದ ಬಂದ ಮಾತಂಗಿ ಎಂಬ ಹೆಣ್ಣಿನ ದಂಡಿನೆದುರು ಬೀಳುತ್ತಾನೆ. ಸುಳ್ಳೇ ಮುಂದಿನ ಯುದ್ಧಕ್ಕೆ ಕಾರಣ. ಇತಿಹಾಸದಲ್ಲಿ ಕಂಪಿಲಿ ಬಿದ್ದದ್ದು 1327ರಲ್ಲಿ. ಕಥೆ ಆ ಸೋಲನ್ನು ಬದಲಿಸಲು ಹೋಗದೆ, ಅದಕ್ಕೊಂದು ಮನೆಯೊಳಗಿನ ಕಾರಣ ಕೊಟ್ಟಿತು.

ಕಾರಣ ಕೇಳುವ ಈ ರೂಢಿ ಕಥೆಗಷ್ಟೇ ಅಲ್ಲ, ಬದುಕಿಗೂ ಇದೆ. ಗಡಿ ಬದಲಾಗುವುದು ಈ ಸೀಮೆಗೇನೂ ಹೊಸದಲ್ಲ. ಹರಪನಹಳ್ಳಿಯನ್ನೇ ನೋಡಿ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಗೇಮ್‌ನ ಪಾತ್ರವೊಂದು ಹೀಗೆ ಓಡಾಡಿದ್ದರೆ ಬರೆದವರಿಗೆ ಬೈಗುಳ ಖಚಿತ. ಆದರೆ ಇಲ್ಲಿ ಪ್ರತಿ ಸಲವೂ ಕಾರಣ ಏನೆಂದು ಚಹಾ ಅಂಗಡಿಯಲ್ಲಿ ಕೂತವರು ಹೇಳಬಲ್ಲರು.

ಬೆಂಗಳೂರಿನಲ್ಲಿ, ಪುಣೆಯಲ್ಲಿ ಈಗ ನಮ್ಮ ಪುರಾಣ ಇತಿಹಾಸವನ್ನು ಗೇಮ್ ಮಾಡುವ ಉತ್ಸಾಹ ಹುಟ್ಟಿದೆ. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯ ‘ರಾಜಿ’ 2020ರಲ್ಲಿ ಜಗತ್ತಿನ ಗಮನ ಸೆಳೆಯಿತು, ಚೆಲುವಾಗಿತ್ತು. ಕಥೆ ಮಾತ್ರ ತಟ್ಟನೆ ಕಡಿದುಹೋಯಿತು ಎಂಬ ದೂರು ಅದಕ್ಕೂ ಬಂತು. ಮುಂದೆ ಯಾರಾದರೂ ಕುಮಾರರಾಮನನ್ನೋ ಗುಡೇಕೋಟೆಯ ಮಗಳೆಂದು ಕೂಡ್ಲಿಗಿ ಜನ ಹೇಳಿಕೊಳ್ಳುವ ಓಬವ್ವನನ್ನೋ ಪರದೆಗೆ ತರುವುದಾದರೆ, ಗ್ರಾಫಿಕ್ಸ್ ತಂಡ ಕಟ್ಟುವ ಮೊದಲು ಒಂದು ಕೆಲಸ ಮಾಡಲಿ. ಸುಗ್ಗಿ ಮುಗಿದ ಮೇಲೆ ಈ ಐದು ತಾಲ್ಲೂಕಿನ ಯಾವುದಾದರೊಂದು ಹಳ್ಳಿಗೆ ಬಂದು, ಕಂಬಳಿ ಹಾಸಿ, ಒಂದು ಆಟವನ್ನು ಬೆಳಗಿನ ತನಕ ಪೂರ್ತಿ ನೋಡಲಿ. ಹೋಗುವಾಗ ಸಾರಥಿಯ ಪಾತ್ರ ಕಟ್ಟಿದವರನ್ನು ಮಾತಾಡಿಸಿ, ಬರೆದ ಕಥೆಯನ್ನು ಅವರಿಗೆ ಒಮ್ಮೆ ಹೇಳಲಿ.