ಯುದ್ಧದ ಬಳಿಕ ಸೊತ್ತು ಯಾರ ಕೈಯಲ್ಲಿ?

ಯುದ್ಧ ಯಾವಾಗ ನ್ಯಾಯಬದ್ಧವಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಮರ್ಕಂಜ, ಬೆಳ್ಳಾರೆಗಳಿರುವ ಸುಳ್ಯದ ಮಣ್ಣೇ ಉತ್ತರಿಸುತ್ತದೆ.

1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗನ್ನು ವಶಪಡಿಸಿತು. ಅರಸ ಚಿಕ್ಕವೀರರಾಜೇಂದ್ರನ ಕ್ರೌರ್ಯದಿಂದ ಪ್ರಜೆಗಳನ್ನು ಪಾರುಮಾಡುವುದು ಅದರ ಘೋಷಿತ ಉದ್ದೇಶವಾಗಿತ್ತು. ಆದರೆ ನಡೆದದ್ದೇನು? ಕೊಡಗಿನ ಆಡಳಿತದಲ್ಲಿದ್ದ ಅಮರ ಸುಳ್ಯವನ್ನು ಕೆನರಾಕ್ಕೆ ಸೇರಿಸಿ, ಧಾನ್ಯರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರಿಂದ ನಗದು ಕೇಳಲಾಯಿತು. ರೈತ ಬೆಳೆಯನ್ನು ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲವೇ ಲೇವಾದೇವಿಗಾರನ ಬಾಗಿಲು ತಟ್ಟಬೇಕು. ತನ್ನ ದುಡಿಮೆಯ ಫಲದ ಮೇಲೆ ಹಕ್ಕಿಲ್ಲದವನನ್ನು ಸ್ವತಂತ್ರನೆನ್ನುವುದು ಹೇಗೆ?

1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮತ್ತು ಸಂಗಡಿಗರು ಬೆಳ್ಳಾರೆಯ ಖಜಾನೆ ವಶಪಡಿಸಿ, ಎಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಧ್ವಜ ಹಾರಿಸಿದರು. 13 ದಿನಗಳ ಬಳಿಕ ಕಂಪೆನಿಯ ಸೇನೆ ದಂಗೆಯನ್ನು ಹತ್ತಿಕ್ಕಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು.

2003ರಲ್ಲಿ ಅಮೇರಿಕ ಇರಾಕಿಗೆ ನುಗ್ಗಿದ್ದೂ ಬಿಡುಗಡೆಯ ಹೆಸರಿನಲ್ಲೇ. ಸದ್ದಾಮ್ ಸರ್ವಾಧಿಕಾರಿಯಾಗಿದ್ದರು, ಸಂದೇಹವಿಲ್ಲ. ಆದರೆ ನೆಪವಾಗಿದ್ದ ಸಮೂಹನಾಶಕ ಅಸ್ತ್ರಗಳು ಸಿಗಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆಡಳಿತಾಧಿಕಾರಿ ಪೌಲ್ ಬ್ರೆಮರ್ ಹೊರಡಿಸಿದ 39ನೇ ಆದೇಶವು, ತೈಲದಂತಹ ನೈಸರ್ಗಿಕ ಸಂಪತ್ತು ಮತ್ತು ಬ್ಯಾಂಕುಗಳನ್ನು ಬಿಟ್ಟು, ಇರಾಕಿನ ಉದ್ಯಮಗಳಲ್ಲಿ ವಿದೇಶೀಯರಿಗೆ ಶೇ. 100 ಒಡೆತನದ ಅವಕಾಶ ಕೊಟ್ಟಿತು. ಇರಾಕಿಗಳನ್ನು ಯಾರೂ ಕೇಳಲಿಲ್ಲ. ಬಿಡುಗಡೆಯ ಮಾತಾಡುವ ಸೇನೆಯನ್ನು ಅಳೆಯಲು ಒಂದೇ ಮಾನದಂಡ ಸಾಕು: ಯುದ್ಧ ಮುಗಿದಾಗ ಸೊತ್ತು ಯಾರ ಕೈಯಲ್ಲಿದೆ?

ಪವಿತ್ರ ಕುರ್‌ಆನ್ ಹೋರಾಟಕ್ಕೆ ಅನುಮತಿ ನೀಡಿದ್ದು ಮರ್ದಿತರಿಗೆ, ಅನ್ಯಾಯವಾಗಿ ಮನೆಗಳಿಂದ ಹೊರದಬ್ಬಲ್ಪಟ್ಟವರಿಗೆ. ಅಲ್ಲಿ ಮಸೀದಿಗಳ ಜೊತೆಗೆ ಮಠಗಳು, ಇಗರ್ಜಿಗಳು, ಯಹೂದಿ ಆರಾಧನಾಲಯಗಳ ರಕ್ಷಣೆಯ ಪ್ರಸ್ತಾಪವೂ ಇದೆ.

ಹಾಗಾದರೆ ಅನ್ಯಾಯ ಕಂಡಲ್ಲೆಲ್ಲ ಆಯುಧ ಎತ್ತಬಹುದೇ? ಖಂಡಿತ ಇಲ್ಲ. 1837ರ ರೈತನಿಗೆ ಮತವಿರಲಿಲ್ಲ, ಕಂಪೆನಿಯ ಕೈ ಹಿಡಿದು ನಿಲ್ಲಿಸುವ ಸಂವಿಧಾನವಿರಲಿಲ್ಲ. ನಮಗಿದೆ. ಕಾನೂನಿನ ಅಧಿಕಾರವಿಲ್ಲದೆ ಯಾರ ಸೊತ್ತನ್ನೂ ಕಸಿಯುವಂತಿಲ್ಲ ಎನ್ನುತ್ತದೆ 300ಎ ವಿಧಿ. ಆರೋಪಿಯೆಂಬ ಕಾರಣಕ್ಕೇ ಒಬ್ಬನ ಮನೆ ಕೆಡವುವಂತಿಲ್ಲ, ಕೆಡವುವ ಮುನ್ನ 15 ದಿನಗಳ ನೋಟಿಸ್ ಕೊಡಬೇಕು ಎಂದು ಸುಪ್ರೀಮ್ ಕೋರ್ಟ್ 2024ರ ನವೆಂಬರ್ 13ರಂದು ತೀರ್ಪಿತ್ತಿತು. ಬುಲ್ಡೋಝರ್‌ಗೆ ಉತ್ತರ ಕಲ್ಲಲ್ಲ, ಈ ತೀರ್ಪು. ಯುವಕರನ್ನು ಉದ್ರೇಕಿಸುವ ಭಾಷಣಕಾರರು ಇದನ್ನು ಹೇಳುವುದಿಲ್ಲ. ನಾವು ಹೇಳಬೇಕು.

ಮನೆಯ ದಾಖಲೆಗಳನ್ನು ಸರಿಯಾಗಿಟ್ಟುಕೊಳ್ಳೋಣ. ನೆರೆಯವನ ಬಾಗಿಲಿಗೆ ಅನ್ಯಾಯ ಬಂದಾಗ, ಅವನ ಧರ್ಮ ಯಾವುದೆಂದು ಕೇಳದೆ ಜೊತೆಗೆ ನಿಲ್ಲೋಣ. ಅವನ ಮನೆ ಉಳಿಯದಿದ್ದರೆ ನಮ್ಮದೂ ಉಳಿಯದು.