ರಸ್ತೆ ಕಾರಿನವರ ಅಪ್ಪನ ಆಸ್ತಿಯಲ್ಲ!

ಸೈಕಲ್ ತುಳಿಯುವ ಗೆಳೆಯರೇ, ಹಾರನ್ ಹೊಡೆದವರಿಗೆಲ್ಲ ಹೆದರಿ ಚರಂಡಿಯ ಅಂಚಿಗೆ ಸರಿಯುತ್ತೀರಲ್ಲ, ಅಲ್ಲಿ ಕಾದಿರುವುದೇನು? ಮುರಿದ ಚಪ್ಪಡಿ, ಜಾರುವ ಜಲ್ಲಿ, ನಿಂತ ಕಾರಿನಿಂದ ದಿಢೀರನೆ ತೆರೆಯುವ ಬಾಗಿಲು! ಎಡಗಡೆಯೇ ಹೋಗಿ, ಆದರೆ ಅಂಚಿನಿಂದಲೂ ನಿಂತ ಕಾರುಗಳಿಂದಲೂ ಒಂದು ಮೀಟರ್ ದೂರವಿರಿ. ನೇರವಾಗಿ ಸಾಗಿ, ಸಂದಿಗೊಂದಿಯಲ್ಲಿ ನುಸುಳಬೇಡಿ. ಬಲಕ್ಕೆ ತಿರುಗುವ ಮುನ್ನ ಹಿಂದೆ ನೋಡಿ, ಕೈ ಚಾಚಿ. ಬಸ್ಸು, ಲಾರಿಯ ಎಡಮಗ್ಗುಲಿಗೆ ಎಂದೂ ನುಗ್ಗಬೇಡಿ. ಅಲ್ಲಿ ನೀವು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಗಾಡಿ ಎಡಕ್ಕೆ ತಿರುಗಿದರೆ ಹಿಂಚಕ್ರಕ್ಕೇ ಬಲಿ! ಕತ್ತಲಾದರೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ. ತಲೆಗೆ ಹೆಲ್ಮೆಟ್.

ಇದಿಷ್ಟು ನಮ್ಮ ಹೊಣೆ. ಆಳುವವರದು? ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ ಪಥ ಮಾಡಿದರು. ನೆಟ್ಟ ಕಂಬಗಳು ಮುರಿದವು, ಪಥದೊಳಕ್ಕೆ ಬೈಕುಗಳು ನುಗ್ಗಿದವು. ಕಾಯುವವರಿಲ್ಲದ ಪಥ ಬರೀ ಬಣ್ಣದ ಗೆರೆ! ತೆರಿಗೆ ಕಟ್ಟುವವರು ಕಾರಿನವರು ಮಾತ್ರವೇ? ನಾಳೆಯೇ ನಾಲ್ಕು ಜನ ಸೇರಿ ನಿಮ್ಮ ವಾರ್ಡ್ ಕಚೇರಿಗೆ ಹೋಗಿ. ಯಾವ ರಸ್ತೆ, ಎಲ್ಲಿ ಗುಂಡಿ, ಎಲ್ಲಿ ಕತ್ತಲು ಎಂದು ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಜೀವ ನಿಮ್ಮದು, ರಸ್ತೆಯೂ ನಿಮ್ಮದು!