ಕಲಿಸುವವರಿಗೂ ಒಬ್ಬ ಗುರು

ಕಲಿಯುವವನಿಗೆ ಗುರು ಬೇಕೆಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಕಲಿಸುವವನಿಗೂ ಗುರು ಬೇಕೆಂದರೆ ಹಲವರು ಹುಬ್ಬೇರಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ, ಕೆಲಸ ದೊರೆತ ಮೇಲೆ, ಮತ್ತೊಬ್ಬರ ಮುಂದೆ ಶಿಷ್ಯರಾಗಿ ಕುಳಿತುಕೊಳ್ಳುವುದೇಕೆ ಎಂಬುದು ಅವರ ಪ್ರಶ್ನೆ. ಇದಕ್ಕೆ ಉತ್ತರವನ್ನು ನಾನು ಪುಸ್ತಕದಿಂದ ಪಡೆಯಲಿಲ್ಲ. ನಮ್ಮ ಜವಳಗೇರಾದ ಕಡೆಯ ಒಬ್ಬ ತರುಣ ಸಂಗೀತ ಶಿಕ್ಷಕಿಯಿಂದ ಪಡೆದೆನು.

ಒಂದು ಸಂಜೆ ಆಕೆ ನಮ್ಮ ಮನೆಗೆ ಬಂದು, "ಗುರುಗಳೇ, ನನಗೆ ಹಾಡಲು ಬರುತ್ತದೆ. ಆದರೆ ಬಾರದವನಿಂದ ಹಾಡಿಸಲು ಬರುವುದಿಲ್ಲ" ಎಂದರು. ಶಾಲೆಯ ವಾರ್ಷಿಕೋತ್ಸವಕ್ಕೆ ಸಮೂಹಗಾನವನ್ನು ಸಿದ್ಧಪಡಿಸುವಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಧ್ವನಿ ಉಳಿದವರೊಡನೆ ಕೂಡುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಆಕೆ, "ನೀನು ಬರಿದೆ ತುಟಿಯಾಡಿಸು, ಧ್ವನಿ ಹೊರಡಿಸಬೇಡ" ಎಂದಿದ್ದರು. ಹುಡುಗ ಹಾಗೆಯೇ ಮಾಡಿದ. ಸಭಿಕರು ಚಪ್ಪಾಳೆ ತಟ್ಟಿದರು. ಆದರೆ ಮರುದಿನದಿಂದ ಅವನು ಸಂಗೀತದ ತರಗತಿಗೆ ಬರಲಿಲ್ಲ. "ಅವನ ಬಾಯಿಯನ್ನು ನಾನೇ ಮುಚ್ಚಿಸಿದೆನಲ್ಲ" ಎಂದು ಆಕೆ ಕಣ್ಣೀರು ತಂದುಕೊಂಡರು.

ಹಾಡುವುದು ಒಂದು ವಿದ್ಯೆ, ಹಾಡಿಸುವುದು ಮತ್ತೊಂದು ವಿದ್ಯೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲಿ ತೇರ್ಗಡೆಯಾದವರು ಮೊದಲನೆಯದನ್ನು ಸಾಧಿಸಿರುತ್ತಾರೆ. ಎರಡನೆಯದು ಅನುಭವಿಗಳ ಬಳಿಯಲ್ಲಿ ಕುಳಿತು ಕಲಿಯತಕ್ಕದ್ದು. ಹೀಗೆ ಮತ್ತೆ ಶಿಷ್ಯರಾಗುವುದರಲ್ಲಿ ಅವಮಾನವೇನೂ ಇಲ್ಲ. ಮಲ್ಲಿಕಾರ್ಜುನ ಮನಸೂರರು ನೀಲಕಂಠಬುವಾ ಅವರಲ್ಲಿ ಕಲಿತು, ಗ್ರಾಮಫೋನ್ ತಟ್ಟೆಗಳಲ್ಲಿ ಹಾಡಿ ಹೆಸರಾದ ಮೇಲೆಯೂ ಮುಂಬಯಿಯಲ್ಲಿ ಮಂಜಿಖಾನರ ಶಿಷ್ಯರಾದರು. 1937ರಲ್ಲಿ ಮಂಜಿಖಾನರು ತೀರಿಕೊಂಡಾಗ ಅವರ ತಮ್ಮ ಭುರ್ಜಿಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಗಂಗೂಬಾಯಿ ಹಾನಗಲ್ಲರು ಸಂಸಾರದ ಹೊಣೆಯನ್ನು ಹೊತ್ತಿದ್ದಾಗಲೇ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡರು. ಅಂಥವರಿಗೇ ಗುರು ಬೇಕಾಗಿದ್ದರೆ, ನಲವತ್ತು ಮಕ್ಕಳ ಮುಂದೆ ಒಬ್ಬರೇ ನಿಲ್ಲುವ ಹಳ್ಳಿಯ ಶಿಕ್ಷಕರಿಗೆ ಬೇಡವೇ?

ಹಾಗಾದರೆ ತಕ್ಕ ಗುರುವನ್ನು ಗುರುತಿಸುವುದು ಹೇಗೆ? ಜನರು ಸಾಮಾನ್ಯವಾಗಿ ಕೀರ್ತಿಯನ್ನು ನೋಡುತ್ತಾರೆ. ನಮ್ಮ ರೈತರು ಇದಕ್ಕಿಂತ ಜಾಣರು. ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನಲ್ಲಿ ಬತ್ತ ಬೆಳೆಯುವವನು ಬೀಜ ಮಾರುವವನ ಮಾತನ್ನಷ್ಟೇ ಕೇಳಿ ನಂಬುವುದಿಲ್ಲ. ಹಿಂದಿನ ವರ್ಷ ಅದೇ ಬೀಜವನ್ನು ಬಿತ್ತಿದವನ ಗದ್ದೆಯನ್ನು ನೋಡಿಬರುತ್ತಾನೆ. ಗುರುವಿನ ಗದ್ದೆಯೆಂದರೆ ಅವರ ಶಿಷ್ಯರು. ಅವರಲ್ಲಿಯೂ ಜಾಣರನ್ನಲ್ಲ, ಹಿಂದುಳಿದವರನ್ನು ನೋಡಬೇಕು. ಹಿಂದುಳಿದವನೂ ಹೆದರದೆ ಹಾಡುತ್ತಿದ್ದರೆ ಅಲ್ಲಿ ಕಲಿಸುವ ವಿದ್ಯೆ ಇದೆಯೆಂದು ತಿಳಿಯಬಹುದು.

ಗದಗಿನ ವೀರೇಶ್ವರ ಪುಣ್ಯಾಶ್ರಮವು ಇದಕ್ಕೆ ದೊಡ್ಡ ನಿದರ್ಶನ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನವಿಟ್ಟು ಸಂಗೀತ ಕಲಿಸಿದರು. ಅಲ್ಲಿ ಬೆಳೆದ ಪುಟ್ಟರಾಜರೂ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು. 1944ರಲ್ಲಿ ಗುರುಗಳು ಅಗಲಿದಾಗ ಆಶ್ರಮದ ಹೊಣೆಯನ್ನು ವಹಿಸಿಕೊಂಡ ಅವರು, 2010ರಲ್ಲಿ ತಾವು ಅಗಲುವವರೆಗೂ ಕಲಿಸಿದರು. ಗುರುಕುಲದಲ್ಲಿ ಹಿರಿಯ ಶಿಷ್ಯರು ಕಿರಿಯರಿಗೆ ಪಾಠ ಹೇಳುವುದು ವಾಡಿಕೆ. ಹೀಗೆ ಹೇಳುವಾಗ ಗುರುವಿನ ಕಿವಿ ಅವರ ಮೇಲಿರುತ್ತದೆ. ಸಂಗೀತ ಶಿಕ್ಷಕರಿಗೆ ಬೇಕಾದುದು ಇಂಥ ಕಿವಿಯೇ. ನಮ್ಮ ಹಾಡನ್ನು ಮಾತ್ರವಲ್ಲ, ನಾವು ಪಾಠ ಹೇಳುವ ಬಗೆಯನ್ನೂ ಕೇಳಿ ತಪ್ಪನ್ನು ಕಾರಣಸಹಿತ ತಿಳಿಸುವವರೇ ತಕ್ಕ ಮಾರ್ಗದರ್ಶಕರು.

ಅವರಿಗೆ ಇನ್ನೊಂದು ಗುಣವೂ ಇರಬೇಕು. ಶಿಷ್ಯನ ಹಿತಕ್ಕಾಗಿ ಅವನನ್ನು ಮತ್ತೊಬ್ಬರ ಬಳಿಗೆ ಕಳುಹಿಸುವ ದೊಡ್ಡ ಮನಸ್ಸೇ ಅದು. ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದು ವರ್ಷದ ಬಾಲಕರಾಗಿದ್ದಾಗ, ಗುರುವನ್ನು ಅರಸುತ್ತ ಮನೆ ಬಿಟ್ಟರು. ಉತ್ತರ ಭಾರತವನ್ನೆಲ್ಲ ಸುತ್ತಿ ಜಲಂಧರದಲ್ಲಿದ್ದಾಗ ವಿನಾಯಕರಾವ್ ಪಟವರ್ಧನರು ಅವರಿಗೆ ಸವಾಯಿ ಗಂಧರ್ವರಲ್ಲಿ ಕಲಿಯುವಂತೆ ಸೂಚಿಸಿದರು. ಪಟವರ್ಧನರು ಸ್ವತಃ ಹೆಸರಾಂತ ಸಂಗೀತ ಶಿಕ್ಷಕರು. ಆದರೂ ಆ ಬಾಲಕನಿಗೆ ಕುಂದಗೋಳದ ದಾರಿಯನ್ನು ತೋರಿಸಿದರು. ಸಾವಿರಾರು ಮೈಲಿ ಅಲೆದು ಹುಡುಕಿದ ಗುರು, ಗದಗಿನಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದ್ದರು!

ನಮ್ಮ ಸೀಮೆಯಲ್ಲಿ ಅಂಥವರೆಲ್ಲಿದ್ದಾರೆ ಎಂದು ಕೆಲವರು ಕೇಳಬಹುದು. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಮಾನವಿ ನಮ್ಮ ಜಿಲ್ಲೆಯಲ್ಲಿಯೇ ಇವೆ. ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ನೆಲವಿದು. ಭಜನೆಯ ಹಿರಿಯರು, ನಿವೃತ್ತ ಸಂಗೀತ ಶಿಕ್ಷಕರು, ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವರು ನಮ್ಮ ಊರುಗಳಲ್ಲಿದ್ದಾರೆ. ಈಗ ಮೊಬೈಲಿನಲ್ಲಿ ಎಲ್ಲ ಪಾಠಗಳೂ ದೊರೆಯುತ್ತವೆಂದು ಹೇಳುವವರೂ ಉಂಟು. ಅದರಿಂದ ಪ್ರಯೋಜನವಿದೆ. ಸ್ವರ ಜಾರಿತೆಂದು ಆ ಯಂತ್ರವೂ ತೋರಿಸೀತು. ಆದರೆ ಹುಡುಗನೊಬ್ಬ ನಾಚಿಕೆಯಿಂದ ತರಗತಿ ಬಿಟ್ಟನೆಂಬುದು ಅದಕ್ಕೆ ತಿಳಿಯದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಗುರುವಿನಲ್ಲಿ ಗೌರವವಿರಬೇಕೆಂದರೆ ಪ್ರಶ್ನೆ ಕೇಳಬಾರದೆಂದು ಅರ್ಥವಲ್ಲ. ಪ್ರಶ್ನೆಯನ್ನು ಸಹಿಸದವರು, ಶಿಷ್ಯರನ್ನು ಹೀಯಾಳಿಸುವವರು ಎಷ್ಟೇ ದೊಡ್ಡ ಕಲಾವಿದರಾಗಿರಲಿ, ಅಂಥವರಿಂದ ದೂರವಿರುವುದೇ ಲೇಸು.

ಆ ಶಿಕ್ಷಕಿಗೆ ನಾನು ಹೇಳಿದ್ದು ಇಷ್ಟೇ: "ತಂಗೀ, ನಿನ್ನ ತಪ್ಪನ್ನು ನನಗೆ ಹೇಳಿದಂತೆ ಸಂಗೀತ ಬಲ್ಲ ಹಿರಿಯರೊಬ್ಬರಿಗೆ ಹೇಳು." ಆಕೆ ಪಕ್ಕದ ಊರಿನ ನಿವೃತ್ತ ಸಂಗೀತ ಶಿಕ್ಷಕರೊಬ್ಬರನ್ನು ಕಂಡರು. ಅವರು ಎಲ್ಲವನ್ನೂ ಕೇಳಿ, "ಹುಡುಗನ ವಯಸ್ಸೆಷ್ಟು?" ಎಂದರು. ಹದಿನಾಲ್ಕು ಎಂದಾಗ ನಕ್ಕು, "ಅದು ಗಂಟಲು ಒಡೆಯುವ ವಯಸ್ಸು. ನಿಮ್ಮ ಕರಿ ನಾಲ್ಕರ ಶ್ರುತಿಗೆ ಅವನ ಧ್ವನಿ ಏರುವುದು ಹೇಗೆ? ಶ್ರುತಿಯನ್ನು ಕರಿ ಒಂದಕ್ಕೆ ಇಳಿಸಿ, ಷಡ್ಜವೊಂದನ್ನೇ ಹಿಡಿಸಿ ನೋಡಿ" ಎಂದರು. ಆಕೆ ಹುಡುಗನ ಮನೆಗೆ ಹೋಗಿ, "ತಪ್ಪು ನನ್ನದು" ಎಂದು ಹೇಳಿ ಅವನನ್ನು ಕರೆತಂದರು. ಮೊದಲ ದಿನ ಅವನು ಬಾಯಿ ತೆರೆಯಲಿಲ್ಲ. ಮೂರನೆಯ ದಿನ ತೆರೆದ. ಧ್ವನಿ ಸ್ವಲ್ಪ ಒರಟಾಗಿತ್ತು; ಆದರೆ ಷಡ್ಜ ತನ್ನ ನೆಲೆಯಲ್ಲಿ ನಿಂತಿತ್ತು.

ಈಗ ಆಕೆ ತಿಂಗಳಿಗೆ ಎರಡು ಭಾನುವಾರ ಆ ಹಿರಿಯರ ಬಳಿಗೆ ಹೋಗುತ್ತಾರೆ. ಹಾಡಲು ಮಾತ್ರವಲ್ಲ, ಆ ಹದಿನೈದು ದಿನಗಳಲ್ಲಿ ತರಗತಿಯಲ್ಲಿ ತಮಗೆ ತಿಳಿಯದೆ ಹೋದುದನ್ನು ಕೇಳಲು.